ಸೇರುವ ಮೊದಲೇ ಹೊರಬರುವ ದಾರಿ ನೋಡಿದೆವು: ಯುರೋಪಿನ ಕ್ಲೌಡ್ ಪರೀಕ್ಷಿಸಿದ ಅನುಭವ

ಜರ್ಮನಿಯ ಸಣ್ಣ ಕಂಪನಿಗಳ ಇನ್‌ವಾಯ್ಸ್‌ಗಳನ್ನು ಜೋಪಾನವಾಗಿ ಇಟ್ಟುಕೊಡುವ ಸಾಫ್ಟ್‌ವೇರ್ ನಮ್ಮದು. ಮರಗೆಲಸದವರು, ಪ್ಲಂಬರ್‌ಗಳು, ಪುಟ್ಟ ಅಂಗಡಿಗಳು, ಒಂದಷ್ಟು ಲೆಕ್ಕಪತ್ರದ ಕಚೇರಿಗಳು ನಮ್ಮ ಗ್ರಾಹಕರು. ವರ್ಷಗಟ್ಟಲೆ ಎಲ್ಲವೂ ಅಮೆರಿಕದ ಒಂದು ದೊಡ್ಡ ಕ್ಲೌಡ್‌ನ (ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಕಂಪನಿಯ) ಫ್ರಾಂಕ್‌ಫರ್ಟ್ ರೀಜನ್‌ನಲ್ಲಿ, ಅಂದರೆ ಅಲ್ಲಿನ ಡೇಟಾ ಸೆಂಟರ್‌ಗಳಲ್ಲಿ, ಓಡುತ್ತಿತ್ತು. ಕೆಲಸದ ಮಟ್ಟಿಗೆ ಏನೂ ತೊಂದರೆ ಇರಲಿಲ್ಲ. ಆದರೆ ಹೊಸದಾಗಿ ಬರುವ ಲೆಕ್ಕಪತ್ರದ ಕಚೇರಿಗಳು ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳತೊಡಗಿದವು: "ದಾಖಲೆಗಳು ಫ್ರಾಂಕ್‌ಫರ್ಟ್‌ನಲ್ಲಿವೆ, ಸರಿ. ಅವುಗಳ ಮೇಲೆ ಯಾರ ಕಾನೂನು ನಡೆಯುತ್ತದೆ?"

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಯುರೋಪಿನ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಂದು ಜಾರಿಗೆ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಕ್ಲೌಡ್ ಆಕ್ಟ್ ತಂದಿತ್ತು. ಅದರ ಪ್ರಕಾರ ಅಮೆರಿಕದ ಕಾನೂನಿಗೆ ಒಳಪಟ್ಟ ಕಂಪನಿ ತನ್ನ ಹಿಡಿತದಲ್ಲಿರುವ ಡೇಟಾವನ್ನು, ಅಲ್ಲಿನ ಅಧಿಕಾರಿಗಳು ಆದೇಶ ತಂದರೆ ಕೊಡಬೇಕು. ಡೇಟಾ ಯಾವ ದೇಶದ ನೆಲದಲ್ಲಿದ್ದರೂ ಈ ಮಾತು ಬದಲಾಗುವುದಿಲ್ಲ. ಇತ್ತ ಯುರೋಪಿನ ನ್ಯಾಯಾಲಯ 2015ರಲ್ಲಿ, ಯುರೋಪಿನ ಡೇಟಾವನ್ನು ಅಮೆರಿಕಕ್ಕೆ ಕಳಿಸಲು ಇದ್ದ ಸೇಫ್ ಹಾರ್ಬರ್ ಏರ್ಪಾಡನ್ನು ರದ್ದು ಮಾಡಿತು. ಅದರ ಜಾಗಕ್ಕೆ ಬಂದ ಪ್ರೈವಸಿ ಶೀಲ್ಡ್ ಕೂಡ 2020ರ ಜುಲೈ 16ರಂದು ಬಿತ್ತು. 2023ರ ಜುಲೈನಲ್ಲಿ ಡೇಟಾ ಪ್ರೈವಸಿ ಫ್ರೇಮ್‌ವರ್ಕ್ ಎಂಬ ಮೂರನೆಯ ಏರ್ಪಾಡು ಬಂತು. 2025ರ ಜೂನ್‌ನಲ್ಲಿ ಫ್ರಾನ್ಸ್ ಸೆನೆಟ್‌ನ ಸಮಿತಿಯೊಂದು ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿಯನ್ನು ಕರೆಸಿ, ಫ್ರೆಂಚ್ ನಾಗರಿಕರ ಡೇಟಾ ಫ್ರಾನ್ಸ್‌ನ ಒಪ್ಪಿಗೆಯಿಲ್ಲದೆ ಅಮೆರಿಕದ ಕೈಗೆ ಹೋಗುವುದಿಲ್ಲ ಎಂದು ಖಾತ್ರಿ ಕೊಡುತ್ತೀರಾ ಎಂದು ಕೇಳಿತು. ಕೊಡಲಾಗದು ಎಂದು ಅವರು ಪ್ರಮಾಣದ ಮೇಲೆ ಹೇಳಿದರು. ಅಲ್ಲಿಂದಾಚೆಗೆ ಗ್ರಾಹಕರ ಪ್ರಶ್ನೆ ಇನ್ನೂ ನೇರವಾಯಿತು.

ಹಾಗಾಗಿ ಯುರೋಪಿನದೇ ಕ್ಲೌಡ್ ಒಂದನ್ನು ಪರೀಕ್ಷಿಸಿ ನೋಡುವ ಕೆಲಸ ನನಗೆ ಮತ್ತು ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನ ಸಹೋದ್ಯೋಗಿಗೆ ಬಂತು. ನಾವಿಬ್ಬರೂ ಮೊದಲ ದಿನವೇ ಒಂದು ಮಾತು ಒಪ್ಪಿಕೊಂಡೆವು. ಸರ್ವರ್ ಎಷ್ಟು ವೇಗ ಎಂದು ಅಳೆಯುವುದು ಸುಲಭ, ಅದನ್ನು ಎಲ್ಲರೂ ಮಾಡುತ್ತಾರೆ. ನಾವು ನೋಡಬೇಕಾದ್ದು ಕೆಟ್ಟ ದಿನ ಹೇಗಿರುತ್ತದೆ ಎಂಬುದನ್ನು. ಡಿಸ್ಕ್ ನಿಧಾನವಾದರೆ, ಕಟ್ಟಡವೇ ಹೋದರೆ, ನಾವೇ ಬಿಟ್ಟುಹೋಗಬೇಕಾದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಪರೀಕ್ಷೆಯೆಲ್ಲ ಇದರ ಸುತ್ತಲೇ ನಡೆಯಿತು.

ಆಯ್ಕೆಗೆ ಕೊರತೆ ಇಲ್ಲ. ಫ್ರಾನ್ಸ್‌ನಲ್ಲಿ ಓವಿಎಚ್‌ಕ್ಲೌಡ್ ಮತ್ತು ಸ್ಕೇಲ್‌ವೇ, ಜರ್ಮನಿಯಲ್ಲಿ ಹೆಟ್ಜ್ನರ್ ಮತ್ತು ಅಯೋನೋಸ್, ಫಿನ್ಲೆಂಡ್‌ನಲ್ಲಿ ಅಪ್‌ಕ್ಲೌಡ್, ಸ್ವಿಟ್ಜರ್ಲೆಂಡ್‌ನಲ್ಲಿ ಎಕ್ಸೋಸ್ಕೇಲ್. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ಗೆ ಸೇರಿಲ್ಲ. ಆದರೂ ಅಲ್ಲಿನ ಡೇಟಾ ರಕ್ಷಣೆ ಸಾಕಷ್ಟಿದೆ ಎಂದು ಯೂನಿಯನ್ 2000ದಲ್ಲೇ ಒಪ್ಪಿದೆ. ನಾವು ಕೊನೆಗೆ ಆಳವಾಗಿ ಪರೀಕ್ಷಿಸಿದ್ದು ಒಂದೇ ಕಂಪನಿಯನ್ನು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮ್ಮ ಕೆಲಸದ ಹೊರೆಗೆ ಕಂಡದ್ದು ನಿಮ್ಮದಕ್ಕೆ ಹಾಗೇ ಕಾಣಬೇಕೆಂದಿಲ್ಲ. ಹೇಗೆ ನೋಡಿದೆವು ಎಂಬುದು ಯಾವ ಕಂಪನಿಗಾದರೂ ಹೊಂದುತ್ತದೆ.

ಮೊದಲು ಕಾಗದಪತ್ರ. ಡೆವಲಪರ್‌ಗಳು ಇದನ್ನು ಕೊನೆಗೆ ನೋಡುತ್ತಾರೆ, ಅಥವಾ ನೋಡುವುದೇ ಇಲ್ಲ. ನನಗೆ ಅತಿ ಹೆಚ್ಚು ಉಪಯೋಗವಾದ ಓದು ಇದೇ. ಜಿಡಿಪಿಆರ್‌ನ 28ನೆಯ ವಿಧಿಯ ಪ್ರಕಾರ, ನಮ್ಮ ಪರವಾಗಿ ಡೇಟಾ ನಿರ್ವಹಿಸುವ ಕಂಪನಿಯ ಜೊತೆ ಲಿಖಿತ ಒಪ್ಪಂದ ಇರಬೇಕು. ಅವರು ತಮ್ಮ ಕೆಲಸದ ಪಾಲನ್ನು ಬೇರೆ ಕಂಪನಿಗಳಿಗೆ ಕೊಟ್ಟರೆ ನಮ್ಮ ಒಪ್ಪಿಗೆ ಬೇಕು. ಒಪ್ಪಂದದ ಕೊನೆಯಲ್ಲಿ ಆ ಉಪಗುತ್ತಿಗೆ ಕಂಪನಿಗಳ ಪಟ್ಟಿ ಇರುತ್ತದೆ. ನಿಜವಾದ ವಿಷಯ ಇರುವುದು ಆ ಪಟ್ಟಿಯಲ್ಲಿ.

ನಾವು ಓದಿದ ಪಟ್ಟಿಯಲ್ಲಿ ಸರ್ವರ್, ಸ್ಟೋರೇಜ್, ನೆಟ್‌ವರ್ಕ್ ಎಲ್ಲ ಅವರದೇ. ಆದರೆ ಸಪೋರ್ಟ್ ಟಿಕೆಟ್‌ಗಳನ್ನು ಇಟ್ಟುಕೊಳ್ಳುವ ತಂತ್ರಾಂಶ ಅಮೆರಿಕದ ಕಂಪನಿಯದು. ಗ್ರಾಹಕರಿಗೆ ಇಮೇಲ್ ಕಳಿಸುವ ಸೇವೆಯೂ ಅಲ್ಲಿಯದೇ. ಇದು ಕಾನೂನಿಗೆ ವಿರುದ್ಧವಲ್ಲ, ಅವರು ಮುಚ್ಚಿಟ್ಟೂ ಇಲ್ಲ. ಕೇಳಿದಾಗ ಎರಡನೆಯ ಮಾತಿಲ್ಲದೆ ವಿವರ ಕೊಟ್ಟರು. ಆದರೆ ಯೋಚಿಸಿ: ಮಧ್ಯರಾತ್ರಿ ಏನೋ ಕೆಟ್ಟಿತು ಎಂದು ಟಿಕೆಟ್ ಹಾಕುವಾಗ ನಾವು ಮಾಡುವ ಮೊದಲ ಕೆಲಸ ಲಾಗ್, ಅಂದರೆ ಸರ್ವರ್ ಬರೆದಿಟ್ಟ ದಿನಚರಿ, ಅಂಟಿಸುವುದು. ಆ ಲಾಗ್‌ನಲ್ಲಿ ಗ್ರಾಹಕರ ಹೆಸರು, ಇಮೇಲ್, ಇನ್‌ವಾಯ್ಸ್ ನಂಬರ್ ಎಲ್ಲ ಇರುತ್ತದೆ. ಸರ್ವರ್ ಯುರೋಪಿನಲ್ಲಿ ಇಟ್ಟೂ ಡೇಟಾ ಆಚೆ ಹೋಯಿತು, ಅಲ್ವಾ? ಟಿಕೆಟ್‌ಗೆ ಕಚ್ಚಾ ಲಾಗ್ ಹಾಕಬಾರದು, ರಿಕ್ವೆಸ್ಟ್ ಐಡಿ ಮತ್ತು ಸಮಯ ಮಾತ್ರ ಕೊಡಬೇಕು ಎಂದು ಅವತ್ತೇ ನಿಯಮ ಮಾಡಿದೆವು.

ಪ್ರಮಾಣಪತ್ರಗಳನ್ನೂ ಹೀಗೇ ಬಿಡಿಸಿ ನೋಡಬೇಕು. ಮಾಹಿತಿ ಭದ್ರತೆಯ ಐಎಸ್ಒ 27001 ಎಂಬ ಲಾಂಛನ ಎಲ್ಲ ಕಡೆ ಇರುತ್ತದೆ. ಅದು ಯಾವ ಕಟ್ಟಡಗಳಿಗೆ, ಯಾವ ಸೇವೆಗಳಿಗೆ ಅನ್ವಯ ಎಂಬುದು ಪ್ರಮಾಣಪತ್ರದಲ್ಲೇ ಬರೆದಿರುತ್ತದೆ. ನಾವು ಬಳಸಬೇಕೆಂದಿದ್ದ ಹೊಸ ಡೇಟಾ ಸೆಂಟರ್ ಅದರಲ್ಲಿ ಇನ್ನೂ ಸೇರಿರಲಿಲ್ಲ. ಜರ್ಮನಿಯ ಸೈಬರ್ ಭದ್ರತಾ ಸಂಸ್ಥೆ ಬಿಎಸ್ಐ ರೂಪಿಸಿದ ಸಿ5 ಎಂಬ ಕ್ಲೌಡ್ ಭದ್ರತಾ ಮಾನದಂಡದ ವರದಿ ಇದ್ದರೆ ಅದು ಟೈಪ್ 1ನಾ ಟೈಪ್ 2ನಾ ಎಂದು ಕೇಳಿ. ಟೈಪ್ 1ರಲ್ಲಿ ಒಂದು ದಿನದ ಮಟ್ಟಿಗೆ ವ್ಯವಸ್ಥೆ ಸರಿಯಾಗಿ ರೂಪಿಸಿದೆಯೇ ಎಂದು ನೋಡುತ್ತಾರೆ. ಟೈಪ್ 2ರಲ್ಲಿ ಅದು ತಿಂಗಳುಗಟ್ಟಲೆ ನಿಜಕ್ಕೂ ಹಾಗೆ ನಡೆದಿದೆಯೇ ಎಂದು ನೋಡುತ್ತಾರೆ. ಫ್ರಾನ್ಸ್‌ನ ಸೆಕ್‌ನಮ್‌ಕ್ಲೌಡ್ ಪ್ರಮಾಣಪತ್ರ ಇನ್ನೂ ಮುಂದೆ ಹೋಗುತ್ತದೆ. ಯುರೋಪಿಯನ್ ಯೂನಿಯನ್‌ನ ಹೊರಗಿನ ಒಬ್ಬ ಷೇರುದಾರರ ಪಾಲು 24%, ಅಂಥವರೆಲ್ಲರ ಪಾಲು ಸೇರಿ 39% ದಾಟಬಾರದು ಎನ್ನುತ್ತದೆ. ಯಾರ ಕಾನೂನು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಪ್ರಮಾಣಪತ್ರ ನಾನು ನೋಡಿದ್ದರಲ್ಲಿ ಅದೊಂದೇ. ನಮ್ಮಂಥ ಚಿಕ್ಕ ತಂಡಕ್ಕೆ ಅಷ್ಟು ಬೇಕಿರಲಿಲ್ಲ, ಆ ಸೇವೆಗಳ ಬೆಲೆಯೂ ಜಾಸ್ತಿ.

ಖಾತೆ ತೆರೆಯುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಗುರುತಿನ ದಾಖಲೆ ಕೇಳಿದರು, ಕಂಪನಿಯ ನೋಂದಣಿ ಪತ್ರ ಕೇಳಿದರು. ಹೊಸ ಖಾತೆಗೆ ಸರ್ವರ್‌ಗಳ ಮಿತಿ ಇತ್ತು, ಟಿಕೆಟ್ ಹಾಕಿ ಏರಿಸಿಕೊಂಡೆವು. ಇಮೇಲ್ ಕಳಿಸುವ ಪೋರ್ಟ್ 25 ಮುಚ್ಚಿತ್ತು. ಸ್ಪ್ಯಾಮ್ ತಡೆಯಲು ಬಹಳ ಕಂಪನಿಗಳು ಹೀಗೆ ಮಾಡುತ್ತವೆ. ಇವೆಲ್ಲ ಸಣ್ಣ ವಿಷಯ. ಆದರೆ ಮಿತಿಯನ್ನು ಮಾತ್ರ ಮೊದಲೇ ಏರಿಸಿಕೊಂಡಿರಿ. ಒಂದು ಝೋನ್ (ಕ್ಲೌಡ್‌ನ ಸರ್ವರ್‌ಗಳಿರುವ ಒಂದು ಪ್ರತ್ಯೇಕ ಜಾಗ) ಬಿದ್ದ ರಾತ್ರಿ ಇನ್ನೊಂದರಲ್ಲಿ ಸರ್ವರ್ ಎಬ್ಬಿಸಲು ಹೋದಾಗ ಮಿತಿ ಮುಗಿದಿದೆ ಎಂಬ ಸಂದೇಶ ಬಂದರೆ ಕಷ್ಟ.

ಎಪಿಐ ಟೋಕನ್‌ಗಳ, ಅಂದರೆ ನಮ್ಮ ಪ್ರೋಗ್ರಾಂಗಳು ಕ್ಲೌಡ್‌ಗೆ ಆದೇಶ ಕೊಡಲು ಬಳಸುವ ಕೀಲಿಗಳ, ಬಗ್ಗೆ ಮಾತ್ರ ನಿಂತು ನೋಡಿದೆವು. ದೊಡ್ಡ ಅಮೆರಿಕನ್ ಕ್ಲೌಡ್‌ಗಳಲ್ಲಿ ಅನುಮತಿಗಳನ್ನು ಬಹಳ ಸಣ್ಣದಾಗಿ ಹಂಚಬಹುದು. ಈ ಬಕೆಟ್ (ಫೈಲ್‌ಗಳನ್ನು ಇಡುವ ಡಬ್ಬಿ) ಮಾತ್ರ, ಓದಲು ಮಾತ್ರ ಎಂದು ಬರೆಯಬಹುದು. ಇಲ್ಲಿ ಟೋಕನ್ ಇಡೀ ಪ್ರಾಜೆಕ್ಟ್‌ಗೆ. ಓದುವ ಟೋಕನ್, ಓದಿ ಬರೆಯುವ ಟೋಕನ್, ಅಷ್ಟೇ. ಅಂದರೆ ಬಿಲ್ಡ್ ಸರ್ವರ್‌ನಲ್ಲಿರುವ ಟೋಕನ್ ಕದ್ದುಹೋದರೆ ಕದ್ದವರು ಡೇಟಾಬೇಸನ್ನೂ ಅಳಿಸಬಹುದು. ಇದಕ್ಕೆ ನಾವು ಕಂಡುಕೊಂಡ ದಾರಿ: ಬ್ಯಾಕಪ್‌ಗೆ ಬೇರೆ ಪ್ರಾಜೆಕ್ಟ್, ಡೇಟಾಬೇಸ್‌ಗೆ ಬೇರೆ, ಆ್ಯಪ್‌ಗೆ ಬೇರೆ. ಗೋಡೆಗಳನ್ನು ನಾವೇ ಕಟ್ಟಿಕೊಂಡ ಹಾಗಾಯಿತು. ಕೆಲಸ ಜಾಸ್ತಿ, ಆದರೆ ಈಗ ಯಾವ ಟೋಕನ್ ಏನು ಮಾಡಬಲ್ಲದು ಎಂಬುದು ತಂಡದ ಎಲ್ಲರಿಗೂ ಗೊತ್ತು.

ಈಗ ಡಿಸ್ಕ್. ನಮ್ಮ ಆ್ಯಪ್‌ನ ಜೀವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ. ಪೋಸ್ಟ್‌ಗ್ರೆಸ್ ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) "ಡಿಸ್ಕ್‌ಗೆ ನಿಜವಾಗಿ ಬರೆಯಿತಾ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತದೆ. ಇದಕ್ಕೆ ಎಫ್‌ಸಿಂಕ್ ಎನ್ನುತ್ತಾರೆ. ಒಂದು ಎಫ್‌ಸಿಂಕ್‌ಗೆ 2 ಮಿಲಿಸೆಕೆಂಡ್ ಹಿಡಿದರೆ, ಒಂದು ಕನೆಕ್ಷನ್ ಸೆಕೆಂಡಿಗೆ 500ಕ್ಕಿಂತ ಹೆಚ್ಚು ಕಮಿಟ್ ಮಾಡಲಾರದು. ಎಷ್ಟು ಕೋರ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಆದರೆ ಕಂಪನಿಗಳು ಪ್ರಕಟಿಸುವುದು ಐಒಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಎಂಬ ಬೇರೆಯೇ ಸಂಖ್ಯೆಯನ್ನು. ಒಂದೇ ಸಲ ಹತ್ತಾರು ಬೇಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಅಳೆದದ್ದು ಅದು. ಕ್ಯೂ ದೊಡ್ಡದಾದಷ್ಟೂ ಸಂಖ್ಯೆ ದೊಡ್ಡದಾಗುತ್ತದೆ. ಡೇಟಾಬೇಸ್‌ನ ಕಮಿಟ್ ಒಂದರ ಹಿಂದೆ ಒಂದು ನಡೆಯುವ ಕೆಲಸ. ಅದಕ್ಕೆ ಆ ಸಂಖ್ಯೆ ಏನೂ ಹೇಳುವುದಿಲ್ಲ.

ಹಾಗಾಗಿ ಡಿಸ್ಕ್ ಅಳೆಯುವ ಫಿಯೋ ಉಪಕರಣದಲ್ಲಿ ಕ್ಯೂ ಡೆಪ್ತ್ 1 ಇಟ್ಟು (ಒಂದು ಸಲಕ್ಕೆ ಒಂದೇ ಬೇಡಿಕೆ), ಸಣ್ಣ ಬ್ಲಾಕ್‌ಗಳನ್ನು ಬರೆದು, ಪ್ರತಿ ಸಲವೂ ಎಫ್‌ಸಿಂಕ್ ಮಾಡಿಸಿದೆವು. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಟೆಸ್ಟ್ ಎಫ್‌ಸಿಂಕ್ ಅನ್ನೂ ಓಡಿಸಿದೆವು. ಸರ್ವರ್‌ನ ಒಳಗೇ ಇರುವ ಎನ್‌ವಿಎಂಇ ಡಿಸ್ಕ್ ಬಹಳ ಚೆನ್ನಾಗಿತ್ತು. ನೆಟ್‌ವರ್ಕ್ ಮೂಲಕ ಜೋಡಿಸುವ ವಾಲ್ಯೂಮ್ ಅದಕ್ಕಿಂತ ಹಲವು ಪಟ್ಟು ನಿಧಾನ. ಇದು ಸಹಜವೇ. ವಾಲ್ಯೂಮ್‌ಗೆ ಬರೆದದ್ದು ನೆಟ್‌ವರ್ಕ್ ದಾಟಿ, ಬೇರೆ ಯಂತ್ರಗಳಲ್ಲಿ ನಕಲಾಗಿ, ಉತ್ತರ ವಾಪಸ್ ಬರಬೇಕು. ಅದಕ್ಕೆ ಬದಲಾಗಿ ಸರ್ವರ್ ಸತ್ತರೂ ವಾಲ್ಯೂಮ್ ಉಳಿಯುತ್ತದೆ. ಒಳಗಿನ ಡಿಸ್ಕ್ ಸರ್ವರ್ ಜೊತೆಗೇ ಹೋಗುತ್ತದೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ಎರಡು ಸರ್ವರ್‌ಗಳಲ್ಲಿ ಪೋಸ್ಟ್‌ಗ್ರೆಸ್ ನಕಲು ಇಟ್ಟುಕೊಂಡರೆ ಒಳಗಿನ ಡಿಸ್ಕ್ ಸಾಕು, ಒಂದೇ ಇದ್ದರೆ ವಾಲ್ಯೂಮ್ ಬೇಕು ಎಂಬುದು ನಮ್ಮ ತೀರ್ಮಾನ.

ಇಲ್ಲಿ ಒಂದು ಎಚ್ಚರಿಕೆ. ಹತ್ತು ನಿಮಿಷದ ಪರೀಕ್ಷೆ ನಂಬಬೇಡಿ. ಕೆಲವು ವಾಲ್ಯೂಮ್‌ಗಳಿಗೆ ಆರಂಭದಲ್ಲಿ ಹೆಚ್ಚಿನ ವೇಗ ಕೊಟ್ಟು, ಆಮೇಲೆ ಇಳಿಸುತ್ತಾರೆ. ಅಕ್ಕಪಕ್ಕದ ಗ್ರಾಹಕರ ಹೊರೆಯೂ ಗಂಟೆಗೊಂದು ರೀತಿ ಇರುತ್ತದೆ. ನಾವು ರಾತ್ರಿಯಿಡೀ ಓಡಿಸಿ, ಸರಾಸರಿಯನ್ನು ಬದಿಗಿಟ್ಟು, ಅತಿ ನಿಧಾನವಾದ ನೂರಕ್ಕೊಂದು ಬರಹವನ್ನು ನೋಡಿದೆವು. ಸರಾಸರಿ ಸಮತಟ್ಟಾಗಿತ್ತು. ಆ ನೂರಕ್ಕೊಂದು ಮಾತ್ರ ನಸುಕಿನ ಹೊತ್ತಿಗೆ ಜಿಗಿಯುತ್ತಿತ್ತು. ಎಲ್ಲರೂ ಬ್ಯಾಕಪ್ ತೆಗೆಯುವ ಹೊತ್ತು ಅದು. ನಮ್ಮ ದೊಡ್ಡ ವರದಿಗಳ ಕೆಲಸವನ್ನು ಆ ಸಮಯದಿಂದ ದೂರ ಇಟ್ಟೆವು.

ಪ್ರೊಸೆಸರ್‌ಗೂ ಇದೇ ರೀತಿ. ಟಾಪ್ ಕಮಾಂಡ್ ಓಡಿಸಿದರೆ ಕೊನೆಯಲ್ಲಿ ಎಸ್‌ಟಿ ಎಂಬ ಸಂಖ್ಯೆ ಕಾಣುತ್ತದೆ. ನಮ್ಮ ಸರ್ವರ್ ಓಡಲು ಸಿದ್ಧವಿದ್ದರೂ ಅಸಲಿ ಯಂತ್ರ ಬೇರೆಯವರ ಕೆಲಸದಲ್ಲಿ ಮುಳುಗಿದ್ದ ಸಮಯ ಅದು. ಹಂಚಿಕೊಂಡ ಕೋರ್‌ಗಳ ಅಗ್ಗದ ಸರ್ವರ್‌ನಲ್ಲಿ ಅದು ಆಗಾಗ ಏರಿತು, ಮೀಸಲು ಕೋರ್‌ಗಳಲ್ಲಿ ಸೊನ್ನೆಯ ಹತ್ತಿರವೇ ಇತ್ತು. ಹಿನ್ನೆಲೆ ಕೆಲಸಗಳಿಗೆ ಅಗ್ಗದ್ದು, ಡೇಟಾಬೇಸ್‌ಗೆ ಮೀಸಲಿನದು ಎಂದು ನಿರ್ಧರಿಸಿದೆವು.

ದೂರದ ಲೆಕ್ಕ ಇನ್ನೂ ಸರಳ. ಗಾಜಿನ ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಫ್ರಾಂಕ್‌ಫರ್ಟ್‌ನಿಂದ ಹೆಲ್ಸಿಂಕಿಗೆ ನೇರ ಗೆರೆ ಎಳೆದರೂ ಸುಮಾರು 1,500 ಕಿಲೋಮೀಟರ್. ಹೋಗಿ ಬರಲು 15 ಮಿಲಿಸೆಕೆಂಡ್‌ಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ, ಕೇಬಲ್ ಸುತ್ತಿ ಹೋಗುವುದರಿಂದ ಅದಕ್ಕಿಂತ ಜಾಸ್ತಿಯೇ. ಒಂದು ಪುಟ ತೋರಿಸಲು 30 ಕ್ವೆರಿ ಒಂದಾದ ಮೇಲೊಂದು ಹೋಗುತ್ತವೆ ಎನ್ನಿ. ಹೋಗಿಬರಲು 25 ಮಿಲಿಸೆಕೆಂಡ್ ಆದರೆ ಮುಕ್ಕಾಲು ಸೆಕೆಂಡ್ ದಾರಿಯಲ್ಲೇ ಕಳೆಯಿತು. ಆ್ಯಪ್ ಒಂದು ದೇಶದಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇಡಬಾರದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಕೇಬಲ್‌ಗಳು ತುಂಡಾಗುವುದೂ ಉಂಟು. ಜರ್ಮನಿಯ ರಾಸ್ಟಾಕ್‌ನಿಂದ ಹೆಲ್ಸಿಂಕಿಗೆ ಬಾಲ್ಟಿಕ್ ಸಮುದ್ರದ ತಳದಲ್ಲಿ ಹೋಗುವ ಸಿ-ಲಯನ್1 ಕೇಬಲ್ 2024ರ ನವೆಂಬರ್‌ನಲ್ಲಿ ತುಂಡಾಗಿತ್ತು. ಬೇರೆ ದಾರಿಗಳಿದ್ದವು, ಇಂಟರ್ನೆಟ್ ನಿಲ್ಲಲಿಲ್ಲ. ಆದರೆ ದಾರಿ ಬದಲಾದರೆ ಮಿಲಿಸೆಕೆಂಡ್‌ಗಳೂ ಬದಲಾಗುತ್ತವೆ.

ಫೈಲ್‌ಗಳನ್ನು ಇಡುವ ಆಬ್ಜೆಕ್ಟ್ ಸ್ಟೋರೇಜ್‌ಗೆ ನಾವು ಅತಿ ಹೆಚ್ಚು ಸಮಯ ಕೊಟ್ಟೆವು. ನಮ್ಮ ಪಿಡಿಎಫ್‌ಗಳೆಲ್ಲ ಇರುವುದು ಅಲ್ಲೇ. ಜರ್ಮನಿಯಲ್ಲಿ ಇನ್‌ವಾಯ್ಸ್‌ಗಳನ್ನು 8 ವರ್ಷ ಕಾಪಾಡಬೇಕು. 2025ರ ಮೊದಲು ಅದು 10 ವರ್ಷ ಇತ್ತು. ಅಷ್ಟು ಕಾಲ ಒಂದು ಫೈಲೂ ಬದಲಾಗಬಾರದು, ಅಳಿಯಬಾರದು. ಬಹುತೇಕ ಎಲ್ಲ ಕ್ಲೌಡ್‌ಗಳೂ ತಮ್ಮ ಸ್ಟೋರೇಜ್ ಅಮೆಜಾನ್‌ನ ಸ್ಟೋರೇಜ್ ಸೇವೆ ಎಸ್3ಗೆ ಹೊಂದುತ್ತದೆ ಎನ್ನುತ್ತವೆ. ಎಸ್3 ಬಂದದ್ದು 2006ರಲ್ಲಿ. ಅಲ್ಲಿಂದ ಅದಕ್ಕೆ ಎಷ್ಟೋ ಸೌಲಭ್ಯಗಳು ಸೇರಿವೆ. ಹೊಂದುತ್ತದೆ ಎಂದಾಗ ಎಷ್ಟರ ಮಟ್ಟಿಗೆ ಎಂದು ಒಂದೊಂದಾಗಿ ಓಡಿಸಿಯೇ ನೋಡಬೇಕು.

ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 2025ರ ಜನವರಿಯಲ್ಲಿ ಅಮೆಜಾನ್ ತನ್ನ ಎಸ್‌ಡಿಕೆಗಳಲ್ಲಿ (ಸೇವೆ ಬಳಸಲು ಡೆವಲಪರ್‌ಗಳಿಗೆ ಕೊಡುವ ಸಿದ್ಧ ಕೋಡ್) ಒಂದು ಬದಲಾವಣೆ ಮಾಡಿತು. ಫೈಲ್ ಏರಿಸುವಾಗ ಹೊಸ ಬಗೆಯ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ತಾನಾಗಿ ಸೇರುವಂತಾಯಿತು. ಅಮೆಜಾನ್‌ನ ಎಸ್3ಗೆ ಅದು ಒಳ್ಳೆಯದೇ. ಆದರೆ ಬೇರೆ ಕಂಪನಿಗಳ ಎಷ್ಟೋ ಸ್ಟೋರೇಜ್‌ಗಳಿಗೆ ಅದು ಅರ್ಥವಾಗದೆ ಅಪ್‌ಲೋಡ್‌ಗಳು ನಿಂತುಹೋದವು. ಅಗತ್ಯವಿದ್ದಾಗ ಮಾತ್ರ ಚೆಕ್‌ಸಮ್ ಹಾಕು ಎಂದು ಎಸ್‌ಡಿಕೆಗೆ ಹೇಳುವ ಸೆಟ್ಟಿಂಗ್ ಇದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ನಮ್ಮ ಪರೀಕ್ಷೆಯ ವೇಳೆಗೆ ಈ ಕಂಪನಿ ಅದನ್ನು ಸರಿಪಡಿಸಿತ್ತು. ಆದರೂ ಎಸ್‌ಡಿಕೆಯ ಆವೃತ್ತಿ ತಾನಾಗಿ ಬದಲಾಗದಂತೆ ಕಟ್ಟಿಹಾಕಿದೆವು. ಯಾರದೋ ಎಪಿಐ ಅನ್ನು ಇನ್ನೊಬ್ಬರು ಅನುಸರಿಸುವಾಗ, ಮೂಲದವರು ಯಾವಾಗ ಬೇಕಾದರೂ ಮುಂದೆ ಹೆಜ್ಜೆ ಇಡಬಹುದು. ಅನುಸರಿಸುವವರಿಗೆ ಮೊದಲೇ ಹೇಳುವುದಿಲ್ಲ.

ನಾವು ನೋಡಿದವು ಇಷ್ಟು: ದೊಡ್ಡ ಫೈಲನ್ನು ತುಂಡುಗಳಾಗಿ ಏರಿಸುವಾಗ ನಡುವೆ ಕನೆಕ್ಷನ್ ಕಡಿದು, ಅರ್ಧ ಉಳಿದ ತುಂಡುಗಳಿಗೆ ಬಿಲ್ ಬರುತ್ತದಾ ಎಂದು. ತಾತ್ಕಾಲಿಕ ಲಿಂಕ್‌ಗಳು ಅವಧಿ ಮುಗಿದ ಕೂಡಲೇ ಸಾಯುತ್ತವಾ ಎಂದು. ಹಳೆಯ ಆವೃತ್ತಿಗಳನ್ನು ತಾನಾಗಿ ಅಳಿಸುವ ನಿಯಮ ಹೇಳಿದ ದಿನವೇ ಕೆಲಸ ಮಾಡುತ್ತದಾ ಎಂದು. ಎಲ್ಲಕ್ಕಿಂತ ಮುಖ್ಯ, ಅವಧಿ ಮುಗಿಯುವವರೆಗೆ ಫೈಲ್ ಅಳಿಸದಂತೆ ಬೀಗ ಹಾಕುವ ಆಬ್ಜೆಕ್ಟ್ ಲಾಕ್. ಇದರಲ್ಲಿ ಗವರ್ನೆನ್ಸ್, ಕಂಪ್ಲಯನ್ಸ್ ಎಂದು ಎರಡು ಬಗೆ. ಮೊದಲನೆಯದನ್ನು ವಿಶೇಷ ಅನುಮತಿ ಇದ್ದವರು ತೆಗೆಯಬಹುದು. ಎರಡನೆಯದನ್ನು ಖಾತೆಯ ಒಡೆಯರೂ ತೆಗೆಯಲಾರರು. ಕಂಪ್ಲಯನ್ಸ್ ಪರೀಕ್ಷಿಸುವಾಗ ಒಂದು ದಿನದ ಅವಧಿ ಮಾತ್ರ ಹಾಕಿ. 8 ವರ್ಷ ಹಾಕಿದರೆ ಆ ಪರೀಕ್ಷೆಯ ಫೈಲಿಗೂ 8 ವರ್ಷ ದುಡ್ಡು ಕಟ್ಟಬೇಕಾಗುತ್ತದೆ. ನಮ್ಮದೇ ಅತಿ ಹೆಚ್ಚು ಅಧಿಕಾರದ ಕೀಲಿ ಹಿಡಿದು ಅಳಿಸಲು ಪ್ರಯತ್ನಿಸಿದೆವು. ನಿರಾಕರಿಸಿತು. ಆ ನಿರಾಕರಣೆ ನೋಡಿದಾಗ ನಿಜಕ್ಕೂ ಸಮಾಧಾನವಾಯಿತು.

ಇನ್ನು ಕಟ್ಟಡದ ವಿಷಯ. 2021ರ ಮಾರ್ಚ್ 10ರ ನಸುಕಿನಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್‌ನ ಎಸ್‌ಬಿಜಿ2 ಡೇಟಾ ಸೆಂಟರ್ ಬೆಂಕಿಗೆ ಪೂರ್ತಿ ಆಹುತಿಯಾಯಿತು. ಪಕ್ಕದ ಎಸ್‌ಬಿಜಿ1ರ ಒಂದು ಭಾಗವೂ ಸುಟ್ಟಿತು. ಯಾರಿಗೂ ಗಾಯವಾಗಲಿಲ್ಲ. ಉಳಿದ ಕಟ್ಟಡಗಳ ವಿದ್ಯುತ್ತನ್ನೂ ಕಡಿಯಬೇಕಾಯಿತು. ಬ್ಯಾಕಪ್ ಅದೇ ಆವರಣದಲ್ಲಿ ಇಟ್ಟಿದ್ದ ಎಷ್ಟೋ ಗ್ರಾಹಕರ ಡೇಟಾ ಮತ್ತು ಬ್ಯಾಕಪ್ ಎರಡೂ ಹೋದವು. ಯುರೋಪಿನಲ್ಲಿ ಕ್ಲೌಡ್ ಆರಿಸುವ ಯಾರೂ ಈ ಘಟನೆಯನ್ನು ಓದದೆ ಮುಂದೆ ಹೋಗಬಾರದು ಎಂದು ನನಗನ್ನಿಸುತ್ತದೆ. ಝೋನ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರಿಗೆ ಅದು ಕಿಲೋಮೀಟರ್‌ಗಟ್ಟಲೆ ದೂರದ ಇನ್ನೊಂದು ಕಟ್ಟಡ, ಇನ್ನೊಬ್ಬರಿಗೆ ಅದೇ ಕಟ್ಟಡದ ಇನ್ನೊಂದು ಕೋಣೆ.

ನಾವು ಲಿಖಿತವಾಗಿ ಕೇಳಿದೆವು. ಝೋನ್‌ಗಳ ನಡುವೆ ಎಷ್ಟು ದೂರ? ವಿದ್ಯುತ್ ಎಲ್ಲಿಂದ ಬರುತ್ತದೆ? ಕೂಲಿಂಗ್ ಬೇರೆ ಬೇರೆಯಾ? ನೀವು ತೆಗೆದುಕೊಳ್ಳುವ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ನಕಲು) ಯಾವ ಕಟ್ಟಡದಲ್ಲಿ ಕೂರುತ್ತದೆ? ಮೊದಲ ಉತ್ತರ ಮಾರ್ಕೆಟಿಂಗ್ ಪುಟದ ಸಾಲುಗಳೇ ಆಗಿದ್ದವು. ಮತ್ತೆ ಕೇಳಿದಾಗ ಒಬ್ಬ ಎಂಜಿನಿಯರ್ ಬರೆದರು, ಸ್ಪಷ್ಟವಾಗಿ: ಎರಡು ಝೋನ್‌ಗಳು ಒಂದೇ ಆವರಣದ ಎರಡು ಕಟ್ಟಡಗಳು, ಮೂರನೆಯದು ಬೇರೆ ಊರಿನಲ್ಲಿ, ಸ್ನ್ಯಾಪ್‌ಶಾಟ್ ಮಾತ್ರ ಸರ್ವರ್ ಇದ್ದ ಕಡೆಯೇ ಉಳಿಯುತ್ತದೆ. ಆ ಇಮೇಲ್ ನಮಗೆ ಯಾವ ಬೆಂಚ್‌ಮಾರ್ಕ್‌ಗಿಂತಲೂ ಹೆಚ್ಚು ಬೆಲೆಬಾಳಿತು. ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದನ್ನು ಅಲ್ಲಿಗೇ ಬಿಟ್ಟೆವು.

ಆಮೇಲೆ ಒಂದು ಝೋನ್ ಬಿದ್ದ ಹಾಗೆ ನಟಿಸಿದೆವು. ಅಲ್ಲಿನ ಸರ್ವರ್‌ಗಳನ್ನೆಲ್ಲ ಒಟ್ಟಿಗೆ ಆಫ್ ಮಾಡಿದೆವು. ಬರುವ ಬೇಡಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಬೇಗನೆ ಗಮನಿಸಿ ದಾರಿ ಬದಲಿಸಿತು. ಆದರೆ ಡೇಟಾಬೇಸ್‌ಗೆ ಕೊಟ್ಟಿದ್ದ ಫ್ಲೋಟಿಂಗ್ ಐಪಿ (ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಬದಲಿಸಬಹುದಾದ ವಿಳಾಸ) ಆ ಊರಿಗೆ ಅಂಟಿಕೊಂಡಿತ್ತು, ಬೇರೆ ಊರಿನ ಝೋನ್‌ಗೆ ಬರಲಿಲ್ಲ. ದಾಖಲಾತಿಯ ಮೂಲೆಯಲ್ಲಿ ಈ ಮಾತು ಇತ್ತು. ಓಡಿಸಿ ನೋಡಿದಾಗಲೇ ಅದರ ತೂಕ ತಿಳಿದದ್ದು. ಈಗ ಆ್ಯಪ್ ಎರಡೂ ಡೇಟಾಬೇಸ್ ವಿಳಾಸಗಳನ್ನು ಇಟ್ಟುಕೊಂಡು, ಬರೆಯಲು ಒಪ್ಪುವ ಸರ್ವರ್ ಯಾವುದೆಂದು ತಾನೇ ಹುಡುಕುತ್ತದೆ. ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಲೈಬ್ರರಿಯಲ್ಲೇ ಈ ಸೌಲಭ್ಯ ಇದೆ.

ಕೊನೆಯ ಪರೀಕ್ಷೆ, ಬಿಟ್ಟುಹೋಗುವುದು. ಯುರೋಪಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕ್ಲೌಡ್ ಬದಲಿಸಲು ಎರಡು ತಿಂಗಳಿಗಿಂತ ಹೆಚ್ಚು ಮುಂಚಿತ ನೋಟಿಸ್ ಕೇಳುವಂತಿಲ್ಲ. 2027ರ ಜನವರಿ 12ರಿಂದ ಬದಲಿಸುವುದಕ್ಕೆಂದು ಶುಲ್ಕ ಹಾಕುವಂತೆಯೇ ಇಲ್ಲ. ಇದು ಬಹಳ ಒಳ್ಳೆಯ ಕಾನೂನು. ಆದರೆ ಕಾನೂನು ಡೇಟಾ ಹೊರತರುವ ಹಕ್ಕು ಕೊಡುತ್ತದೆ. ಗ್ರಾಹಕರು ಕೆಲಸ ಮಾಡುತ್ತಿರುವಾಗಲೇ ಸದ್ದಿಲ್ಲದೆ ಹೊರತರುವುದು ನಮ್ಮ ಕೆಲಸ.

ಅವರೇ ನಡೆಸಿಕೊಡುವ ಮ್ಯಾನೇಜ್ಡ್ ಪೋಸ್ಟ್‌ಗ್ರೆಸ್‌ನಲ್ಲಿ ಈ ಪ್ರಶ್ನೆ ಕಠಿಣ. ಡಂಪ್ (ಇಡೀ ಡೇಟಾಬೇಸ್‌ನ ನಕಲು) ತೆಗೆದು ಬೇರೆಡೆ ಹಾಕಬಹುದು, ಆದರೆ ಅಷ್ಟು ಹೊತ್ತು ಆ್ಯಪ್ ನಿಲ್ಲಬೇಕು. ನಿಲ್ಲಿಸದೆ ಹೋಗಬೇಕೆಂದರೆ ಬದಲಾವಣೆಗಳನ್ನು ಆದಂತೆಲ್ಲ ಇನ್ನೊಂದು ಡೇಟಾಬೇಸ್‌ಗೆ ಕಳಿಸುವ ಲಾಜಿಕಲ್ ರೆಪ್ಲಿಕೇಶನ್ ಬೇಕು. ಪೋಸ್ಟ್‌ಗ್ರೆಸ್ 10ನೆಯ ಆವೃತ್ತಿಯಿಂದ, ಅಂದರೆ 2017ರಿಂದ, ಅದು ಒಳಗೇ ಇದೆ. ಆದರೆ ಮ್ಯಾನೇಜ್ಡ್ ಸೇವೆಯಲ್ಲಿ ಅದಕ್ಕೆ ಬೇಕಾದ ಸೆಟ್ಟಿಂಗ್ ಮತ್ತು ರೆಪ್ಲಿಕೇಶನ್ ಅನುಮತಿ ನಮಗೆ ಸಿಗಬೇಕಲ್ಲ. ಇಲ್ಲಿ ಮೊದಲು ಸಿಗಲಿಲ್ಲ. ಟಿಕೆಟ್ ಹಾಕಿ, ಏಕೆ ಬೇಕು ಎಂದು ಮುಚ್ಚುಮರೆಯಿಲ್ಲದೆ ಬರೆದೆವು: "ನಾವು ಮುಂದೊಂದು ದಿನ ಬಿಟ್ಟುಹೋಗಬೇಕಾಗಬಹುದು, ಅದನ್ನು ಈಗಲೇ ಅಭ್ಯಾಸ ಮಾಡಬೇಕು." ಅವರು ಕೊಟ್ಟರು. ನಾನು ಆ ಕಂಪನಿಯನ್ನು ಮನಸಾರೆ ನಂಬತೊಡಗಿದ್ದು ಅವತ್ತಿನಿಂದ.

ಬೇರೊಂದು ಕಂಪನಿಯಲ್ಲಿ ಖಾಲಿ ಪೋಸ್ಟ್‌ಗ್ರೆಸ್ ಎಬ್ಬಿಸಿ, ಇಡೀ ಡೇಟಾಬೇಸನ್ನು ಅಲ್ಲಿಗೆ ಹರಿಸಿದೆವು. ಇದನ್ನು ಮಾಡುವವರಿಗೆ ಎರಡು ಮಾತು. ಟೇಬಲ್‌ಗಳ ರಚನೆ ತಾನಾಗಿ ಹೋಗುವುದಿಲ್ಲ, ಮೊದಲೇ ಅಲ್ಲಿ ಮಾಡಿಟ್ಟಿರಬೇಕು. ಹರಿಯುವ ನಡುವೆ ಕಾಲಂ ಸೇರಿಸಿದರೆ ಎರಡೂ ಕಡೆ ಕೈಯಿಂದ ಸೇರಿಸಬೇಕು. ನಾವು ಬಳಸಿದ ಆವೃತ್ತಿಯಲ್ಲಿ ಹೊಸ ಐಡಿ ಕೊಡುವ ಸೀಕ್ವೆನ್ಸ್‌ಗಳ ಈಗಿನ ಸಂಖ್ಯೆಯೂ ಹೋಗುವುದಿಲ್ಲ. ಅದನ್ನು ಬದಲಾಯಿಸುವ ಕ್ಷಣದಲ್ಲಿ ಮುಂದಕ್ಕೆ ತಳ್ಳದಿದ್ದರೆ ಹೊಸ ಇನ್‌ವಾಯ್ಸ್ ಹಳೆಯ ಐಡಿ ಕೇಳಿ ಒಳಗೆ ಹೋಗಲಾಗದೆ ನಿಲ್ಲುತ್ತದೆ. ಇವೆರಡನ್ನೂ ಸ್ಕ್ರಿಪ್ಟ್‌ನಲ್ಲಿ ಬರೆದ ಮೇಲೆ, ಪರೀಕ್ಷಾ ಬಳಕೆದಾರರು ಪುಟ ತೆರೆದಿಟ್ಟಿದ್ದಾಗಲೇ ಡೇಟಾಬೇಸ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಯಿತು. ಸರ್ವರ್‌ಗಳ ರಚನೆಯನ್ನೆಲ್ಲ, ಫೈಲ್‌ನಲ್ಲಿ ಬರೆದಂತೆ ಸರ್ವರ್ ಎಬ್ಬಿಸಿಕೊಡುವ ಉಪಕರಣ ಓಪನ್‌ಟೋಫುನಲ್ಲಿ ಬರೆದಿದ್ದೆವು. ಅಂಥದೇ ಉಪಕರಣ ಟೆರಾಫಾರ್ಮ್‌ನ ಪರವಾನಗಿ 2023ರಲ್ಲಿ ಬದಲಾದಾಗ ಅದರಿಂದ ಕವಲೊಡೆದ ಯೋಜನೆ ಅದು. ಆದರೆ ಅದರಿಂದ ಬಹಳ ನಿರೀಕ್ಷೆ ಬೇಡ. ಭಾಷೆ ಒಂದೇ ಆದರೂ ಪ್ರತಿ ಕಂಪನಿಯ ಸರ್ವರ್, ನೆಟ್‌ವರ್ಕ್, ಫೈರ್‌ವಾಲ್ ವಿವರಣೆ ಬೇರೆ ಬೇರೆ. ಫೈಲ್‌ಗಳನ್ನು ಹೊಸದಾಗಿಯೇ ಬರೆಯಬೇಕಾಯಿತು.

ದುಡ್ಡಿನ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ದೊಡ್ಡ ವ್ಯತ್ಯಾಸ ಇರುವುದು ಹೊರಹೋಗುವ ಡೇಟಾದಲ್ಲಿ. ಅಮೆಜಾನ್‌ನ ಪ್ರಕಟಿತ ದರದಲ್ಲಿ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ 9 ಸೆಂಟ್. 10 ಟಿಬಿ ಹೊರಹೋದರೆ ಹತ್ತಿರ ಹತ್ತಿರ 900 ಡಾಲರ್. ಯುರೋಪಿನ ಬಹಳ ಕಂಪನಿಗಳು ಇದನ್ನು ಸರ್ವರ್ ಬೆಲೆಯಲ್ಲೇ ಸೇರಿಸುತ್ತವೆ. ಹೆಟ್ಜ್ನರ್ ತನ್ನ ಯುರೋಪಿನ ಕ್ಲೌಡ್ ಸರ್ವರ್‌ಗಳಿಗೆ ತಿಂಗಳಿಗೆ 20 ಟಿಬಿಯಷ್ಟು ಕೊಡುತ್ತದೆ. ಇಂಟರ್ನೆಟ್‌ನ ಹಳೆಯ ಬಗೆಯ ಐಪಿವಿ4 ವಿಳಾಸಕ್ಕೆ ಮಾತ್ರ ಬೇರೆ ದುಡ್ಡು ಕೇಳುವುದು ಈಗ ಎಲ್ಲ ಕಡೆ ಸಾಮಾನ್ಯ. ಯುರೋಪಿಗೆ ವಿಳಾಸ ಹಂಚುವ ರೈಪ್ ಸಂಸ್ಥೆಯ ಬಳಿ ಐಪಿವಿ4 2019ರ ನವೆಂಬರ್ 25ರಂದೇ ಮುಗಿದಿತ್ತು. ನಮ್ಮ ಒಳಗಿನ ಸರ್ವರ್‌ಗಳಿಗೆಲ್ಲ ಖಾಸಗಿ ನೆಟ್‌ವರ್ಕ್ ಸಾಕಾಯಿತು. ಆದರೆ ಬಿಲ್ ಇಳಿಯಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಮೊದಲು ಕ್ಲೌಡ್ ಮಾಡುತ್ತಿದ್ದ ಎಷ್ಟೋ ಕೆಲಸ ಈಗ ನಮ್ಮ ಕೈಗೆ ಬಂದಿದೆ. ಅನುಮತಿಗಳ ಗೋಡೆ, ಬ್ಯಾಕಪ್ ಸಾಗಿಸುವುದು, ಬಿದ್ದಾಗ ಬದಲಾಯಿಸುವುದು ಎಲ್ಲ ನಾವೇ ಬರೆದು ನಾವೇ ನೋಡಿಕೊಳ್ಳಬೇಕು. ಆ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದು ನಾವು ಹೌದು ಎಂದೆವು.

ಈಗ ಆ್ಯಪ್, ಡೇಟಾಬೇಸ್, ಪಿಡಿಎಫ್‌ಗಳು ಹೊಸ ಕಂಪನಿಯಲ್ಲಿವೆ. ಬ್ಯಾಕಪ್ ನಮ್ಮದೇ ಕೀಲಿಯಿಂದ ಗೂಢಲಿಪಿಗೊಂಡು ಬೇರೆ ದೇಶದ, ಬೇರೆ ಕಂಪನಿಯ ಸ್ಟೋರೇಜ್‌ಗೆ ಹೋಗುತ್ತದೆ. ವೆಬ್ ಹೆಸರನ್ನು ಸರ್ವರ್‌ಗೆ ಜೋಡಿಸುವ ಡಿಎನ್ಎಸ್ ಮೂರನೆಯವರ ಬಳಿ ಇದೆ, ಮೊದಲಿಬ್ಬರಲ್ಲಿ ಯಾರ ಖಾತೆ ಮುಚ್ಚಿದರೂ ವಿಳಾಸ ನಮ್ಮ ಕೈಯಲ್ಲೇ ಇರಲಿ ಎಂದು. ಬಿಟ್ಟುಹೋಗುವ ಸ್ಕ್ರಿಪ್ಟ್ ನಿಗದಿತ ಸಮಯಕ್ಕೆ ತಾನಾಗಿ ಓಡುತ್ತದೆ. ಬ್ಯಾಕಪ್ ತೆಗೆದು, ಎರಡನೆಯ ಕಂಪನಿಯಲ್ಲಿ ಡೇಟಾಬೇಸ್ ಎಬ್ಬಿಸಿ, ಒಂದಷ್ಟು ಇನ್‌ವಾಯ್ಸ್ ತೆರೆದು ನೋಡಿ, ಎಲ್ಲ ಅಳಿಸುತ್ತದೆ. ಕಳೆದ ಸಲ ಅದು ಅರ್ಧಕ್ಕೇ ನಿಂತಿತು. ನಾವು ಬಳಸುವ ಒಂದು ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿ ಅಲ್ಲಿ ಇನ್ನೂ ಬಂದಿರಲಿಲ್ಲ. ಅದು ಅಲ್ಲಿಗೆ ಬರುವವರೆಗೆ ನಮ್ಮ ಕಡೆಯ ಅಪ್‌ಗ್ರೇಡನ್ನು ತಡೆದಿದ್ದೇವೆ.